ಇಲ್ಲಿ ವಿಚಾರಣೆ ನಡೆದಿದೆ

ಚಿಕ್ಕೋಡಿಯ ಶಾಲೆಯೊಂದರ ದೊಡ್ಡ ಕೋಣೆಯಲ್ಲಿ ನಮಗೆ ತರಬೇತಿ ಇತ್ತು. ಬೆಂಗಳೂರು ಕಡೆಯಿಂದ ಬಂದಿದ್ದ ಅಧಿಕಾರಿಯೊಬ್ಬರು ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ವಿಚಾರಣೆ’ ಎಂದು ಬರೆದು ನಮ್ಮತ್ತ ತಿರುಗಿದರು. ಅಥಣಿ, ರಾಯಬಾಗ, ನಿಪ್ಪಾಣಿ ಕಡೆಗಳಿಂದ ಬಂದು ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದ ಮಾಸ್ತರರು ಒಮ್ಮೆಲೇ ನೆಟ್ಟಗಾದರು. ಕೆಲವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕಾಗವಾಡದ ಕಡೆಯ ಹಿರಿಯ ಮಾಸ್ತರರೊಬ್ಬರು ಎದ್ದು ನಿಂತು, ತಗ್ಗಿದ ದನಿಯಲ್ಲಿ, “ಯಾರ ಮ್ಯಾಲ್ರಿ ಸಾಹೇಬ್ರ?” ಎಂದು ಕೇಳಿದರು.

ಅಧಿಕಾರಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಯಾರ ಮೇಲೂ ಅಲ್ಲ. ಇದು ಮಕ್ಕಳಿಗೆ ಕಲಿಸುವ ಒಂದು ವಿಧಾನ” ಎಂದರು. ಹಿರಿಯರು ಕೂತರು, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಅವರ ತಪ್ಪಿಲ್ಲ. ನಮ್ಮ ಕಡೆ ಕೇಳಿ ತಿಳಿಯುವುದಕ್ಕೆ ಎರಡು ಶಬ್ದಗಳಿವೆ. ಮದುವೆಗೆ ಮೊದಲು ಹೆಣ್ಣಿನ ಮನೆಯವರು ವರನ ಊರಿಗೆ ಹೋಗಿ ಹೊಟೇಲು, ಕಿರಾಣಿ ಅಂಗಡಿ, ಕ್ಷೌರದ ಅಂಗಡಿಗಳಲ್ಲಿ ಕೂತು “ಹುಡುಗ ಹೆಂಗ?” ಎಂದು ಕೇಳಿದರೆ ಅದು ಚೌಕಶಿ. ಸರಕಾರ ತನ್ನ ನೌಕರನನ್ನು ಕರೆಸಿ ಕೇಳಿದರೆ ಅದು ವಿಚಾರಣೆ. ಚೌಕಶಿಯಾದ ಮೇಲೆ ಮದುವೆಯಾಗಬಹುದು, ವಿಚಾರಣೆಯಾದ ಮೇಲೆ ಸಸ್ಪೆಂಡ್. ನನಗೆ ಒಂದೇ ತಿಂಗಳಲ್ಲಿ ಎರಡೂ ಒದಗಿ ಬಂದವು. ಅದರಲ್ಲಿ ಒಂದನ್ನು ನಾನೇ ಕೈಯಾರೆ ಬರೆದು ಗೋಡೆಗೆ ತೂಗುಹಾಕಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ರಾಯಬಾಗ ತಾಲೂಕಿನಲ್ಲಿ, ಅಲಖನೂರಿನಿಂದ ಆಚೆಗಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ನೌಕರಿ. ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗುತ್ತದೋ ಇಲ್ಲವೋ ಎಂಬುದು ನನ್ನ ದೊಡ್ಡ ಚಿಂತೆ. ಕಾಯಂ ಆದರೆ ಯಾವುದರ ಬಗ್ಗೆ ಚಿಂತೆ ಮಾಡಬೇಕು ಎಂಬುದು ಅದಕ್ಕಿಂತ ಸ್ವಲ್ಪ ಸಣ್ಣದು. ತರಬೇತಿಗೂ ಚಿಂತೆ ಹೊತ್ತುಕೊಂಡೇ ಹೋಗಿದ್ದೆ. ನಾನು ಐದನೆಯ ಇಯತ್ತೆಗೆ ವಿಜ್ಞಾನ ಹೇಳುತ್ತಿದ್ದವನು. ಪುಸ್ತಕದಲ್ಲಿರುವುದು ನನಗೆ ಗೊತ್ತಿತ್ತು. ಹುಡುಗರು ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿಬಿಟ್ಟರೆ ಏನು ಗತಿ ಎಂದು ಗಂಟೆ ಹೊಡೆಯುವವರೆಗೂ ಒಂದೇ ಸಮನೆ ಮಾತಾಡಿ, ಅವರಿಗೆ ಬಾಯಿ ತೆರೆಯಲು ಜಾಗ ಸಿಗದ ಹಾಗೆ ನೋಡಿಕೊಳ್ಳುತ್ತಿದ್ದೆ.

ಅಧಿಕಾರಿ ಹೇಳಿದ್ದು ಇದು: “ಮಗು ಪ್ರಶ್ನೆ ಕೇಳಿದ್ರೆ ನೀವು ಉತ್ತರ ಕೊಡಬೇಡಿ. ನಿನಗೇನನ್ಸುತ್ತೆ ಅಂತ ತಿರುಗಿ ಕೇಳಿ. ಅದು ಏನಾದ್ರೂ ಹೇಳುತ್ತೆ. ಅದು ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳಿ. ಆಮೇಲೆ ಅದೇ ಹೋಗಿ ನೋಡಿ, ಮುಟ್ಟಿ, ನಾಲ್ಕು ಜನರನ್ನ ಕೇಳಿ ಬರಲಿ.”

“ಉತ್ತರ ಗೊತ್ತಿದ್ರೂ ಹೇಳಬಾರದೇನ್ರಿ?” ಎಂದು ಯಾರೋ ಕೇಳಿದರು.

“ಗೊತ್ತಿದ್ರೂ ಹೇಳಬಾರ್ದು.”

“ಗೊತ್ತಿರಲಿಲ್ಲಂದ್ರ?” ಎಂದು ಕೇಳಿದವನು ನಾನು.

“ಇನ್ನೂ ಒಳ್ಳೇದು.”

ನನ್ನ ಬದುಕಿನಲ್ಲಿ ಸರಕಾರದಿಂದ ಅಷ್ಟು ಸಮಾಧಾನದ ಮಾತು ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಊರಿಗೆ ಮರಳಿ ಮಾರನೆಯ ದಿನವೇ ಶುರು ಮಾಡಿದೆ. ಹುಡುಗರನ್ನು ಸಾಲಿನಿಂದ ಎಬ್ಬಿಸಿ ದುಂಡಗೆ ಕೂರಿಸಿ, “ನಿಮಗ ಏನು ಕೇಳಬೇಕು ಅನಸ್ತೈತೋ ಕೇಳ್ರಿ” ಎಂದೆ. ಇದರಲ್ಲಿ ಏನೋ ಮೋಸವಿದೆ ಎಂಬ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿಟ್ಟಿನ ಗಿರಣಿಯವರ ಮಗಳು ಕೈ ಎತ್ತಿದಳು. ಗಿರಣಿಯ ಸದ್ದಿನಲ್ಲಿ ಬೆಳೆದವಳಾದ್ದರಿಂದ ಅವಳ ಮಾತು ಯಾವಾಗಲೂ ಒಂದು ಹೊಲದ ಆಚೆಗೆ ಕೇಳುವಂತಿರುತ್ತಿತ್ತು.

“ಸರ, ಕಬ್ಬಿನ ಬುಡ ಸಿಹಿ ಇರ್ತೈತಿ, ತುದಿ ಸಪ್ಪ ಇರ್ತೈತಿ. ಯಾಕ್ರಿ?”

ನನಗೆ ಗೊತ್ತಿರಲಿಲ್ಲ. ಹಿಂದಿನ ವಾರವಾಗಿದ್ದರೆ ಬೆವರುತ್ತಿದ್ದೆ. ಈಗ ಗಂಭೀರವಾಗಿ, “ನಿನಗೇನ ಅನಸ್ತೈತಿ?” ಎಂದೆ.

ಅವಳಿಗೆ, ಬುಡ ಭೂಮಿಗೆ ಹತ್ತಿರ ಇರುವುದರಿಂದ ಸಕ್ಕರೆ ಮೊದಲು ಅಲ್ಲಿ ಸೇರುತ್ತದೆ ಅನಿಸಿತ್ತು. ಇನ್ನೊಬ್ಬನಿಗೆ ಸಕ್ಕರೆ ಭಾರ, ಅದಕ್ಕೇ ಕೆಳಗೆ ಜಾರುತ್ತದೆ ಅನಿಸಿತ್ತು. ಮೂರನೆಯ ಸಾಲಿನಲ್ಲಿ ಕೂಡುತ್ತಿದ್ದ ಒಬ್ಬನಿಗೆ, ಬುಡ ಸಿಹಿ ಎಂಬುದೇ ಸುಳ್ಳು, ದೊಡ್ಡವರು ತಾವು ಬುಡ ತಿಂದು ನಮಗೆ ತುದಿ ಕೊಡುವುದಕ್ಕಾಗಿ ಹೇಳಿದ ಮಾತು ಅನಿಸಿತ್ತು. ಹಾಗಿದ್ದರೆ ದೊಡ್ಡವರು ಬುಡವನ್ನೇ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಗಿರಣಿಯ ಹುಡುಗಿ ಕೇಳಿದಳು.

ಮರುದಿನ ಕಬ್ಬು ಬಂತು. ಬುಡದ ತುಂಡುಗಳನ್ನೂ ತುದಿಯ ತುಂಡುಗಳನ್ನೂ ಬೇರೆ ಬೇರೆ ಇಟ್ಟು, ಇರುವೆ ಯಾವುದಕ್ಕೆ ಮೊದಲು ಹತ್ತುತ್ತದೆ ನೋಡುವುದೆಂದು ಅವರೇ ಗೊತ್ತುಮಾಡಿದರು. ಇರುವೆಗಳು ಸಾಲಾಗಿ ಬಂದವು. ಬುಡವನ್ನೂ ತುದಿಯನ್ನೂ ದಾಟಿ, ಗೋಡೆಯ ಪಕ್ಕದಲ್ಲಿ ಹೆಡ್ ಮಾಸ್ತರರು ಇಟ್ಟಿದ್ದ ಊಟದ ಡಬ್ಬಿಯನ್ನು ಹತ್ತಿದವು. ಅದರಲ್ಲಿ ಹೋಳಿಗೆ ಇತ್ತು. ಹುಡುಗರು ಹಲಗೆಯ ಮೇಲೆ ಬರೆದ ತೀರ್ಮಾನ: ‘ಬುಡಕ್ಕಿಂತ ತುದಿಗಿಂತ ಹೆಡ್ ಸರ್ ಹೆಚ್ಚು ಸಿಹಿ.’

ಹೆಡ್ ಮಾಸ್ತರರು ಶಾಂತ ಸ್ವಭಾವದವರು. ಡಬ್ಬಿ ಝಾಡಿಸುತ್ತ, “ಮಾಸ್ತರ, ಮಂದಿ ಕಿಡಕ್ಯಾಗ ಇಣಿಕಿ ನೋಡಾಕತ್ತಾರ. ಸಾಲ್ಯಾಗ ಹುಡುಗೂರು ಕಬ್ಬ ತಿನ್ನಾಕತ್ತಾವು, ಮಾಸ್ತರ ಸುಮ್ಮ ನಿಂತಾನ ಅಂತ ಕೇಳ್ತಾರ. ಒಬ್ಬೊಬ್ರಿಗೆ ಏನಂತ ಹೇಳ್ಲಿ? ಬಾಗಲಕ್ಕ ಒಂದು ಬೋರ್ಡ್ ಹಾಕ್ರಿ, ಒಳಗ ಏನು ನಡದೈತಿ ಅಂತ ತಿಳೀಲಿ” ಎಂದರು.

ನನ್ನ ಅಕ್ಷರ ಚೆನ್ನಾಗಿತ್ತು. ನನ್ನ ಬಗ್ಗೆ ನಾನು ಚಿಂತಿಸದ ವಿಷಯ ಅದೊಂದೇ. ಹಲಗೆಗೆ ಕಪ್ಪು ಬಳಿದು, ಬಿಳಿ ಬಣ್ಣದಲ್ಲಿ ಒತ್ತು ದೀರ್ಘ ತಪ್ಪದಂತೆ ಬರೆದೆ: ‘ಇಲ್ಲಿ ವಿಚಾರಣೆ ನಡೆದಿದೆ. ಗದ್ದಲ ಮಾಡಬಾರದು.’ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ದೂರ ನಿಂತು ನೋಡಿದೆ. ಚೆನ್ನಾಗಿ ಕಂಡಿತು. ಓದುವ ರೂಢಿಯಾಗಲಿ ಎಂದು, ಬೋರ್ಡ್ ಓದಿ ಮನೆಯಲ್ಲಿ ಹೇಳಬೇಕೆಂದು ಹುಡುಗರಿಗೆ ಅಭ್ಯಾಸವನ್ನೂ ಕೊಟ್ಟೆ.

ಇದಕ್ಕೆ ಹದಿನೈದು ದಿನ ಮೊದಲು ನಾನು ಹೆಣ್ಣು ನೋಡಿ ಬಂದಿದ್ದೆ.

ನಮ್ಮೂರು ತೆಲಸಂಗ. ಒಣಬೇಸಾಯದ ಊರು. ಹೊಳೆ ದಂಡೆಯ ಕಬ್ಬಿನವರು ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಬಾವಿಯಲ್ಲಿ ಇಣುಕಿ ನೋಡುತ್ತಾರೆ, ಬಾವಿಯ ನೀರು ನೋಡಿ ಎದ್ದು ಹೋಗುತ್ತಾರೆ. ನನಗೆ ಬಂದ ಎರಡು ಸಂಬಂಧಗಳು ಹಾಗೆಯೇ ಬಾವಿಯಲ್ಲಿ ಮುಳುಗಿದ್ದವು. ಆದ್ದರಿಂದ ಅವ್ವ ಒಂದು ಪಾಠ ಹೇಳಿಕೊಟ್ಟಿದ್ದಳು: “ಯಾರರೆ ಹೊಲದ ಸುದ್ದಿ ತಗದ್ರ ನೀ ನೌಕರಿ ಸುದ್ದಿ ತಗಿ.” ನೌಕರಿಯೊಂದೇ ನನಗಿದ್ದ ನೀರಾವರಿ.

ಈ ಸಲದ ಹೆಣ್ಣು ನಿಪ್ಪಾಣಿಯ ಕಡೆಯ ಹಳ್ಳಿಯವಳು. ನಮ್ಮ ಹಾಗೆಯೇ ಹೊತ್ತು ಮುಳುಗುವ ಮುಂಚೆ ಊಟ ಮಾಡುವ ಜೈನ ಮನೆತನ. ಮನೆಯಲ್ಲಿ ಮರಾಠಿ ಹೆಚ್ಚು, ಆದರೆ ಅವಳು ಕನ್ನಡ ಶಾಲೆಯಲ್ಲಿ ಕಲಿತಿದ್ದಳು. ಅವಳು ಅವಲಕ್ಕಿ ಇಟ್ಟು ಕೂತ ಮೇಲೆ ಅವರ ಮನೆಯ ಹಿರಿಯರೊಬ್ಬರು, ಉಪಚಾರಕ್ಕೆ, “ಹುಡುಗ ವಿಜ್ಞಾನ ಹೇಳ್ತಾನ. ನಿನಗೇನರೆ ಕೇಳೂದಿದ್ರ ಕೇಳವಾ” ಎಂದರು. ಇಂಥ ಮಾತಿಗೆ ಹೆಣ್ಣು ತಲೆ ತಗ್ಗಿಸಿ ಇಲ್ಲವೆನ್ನುವುದು ವಾಡಿಕೆ. ಅವಳು ತಲೆ ಎತ್ತಿ, “ನೆಲ್ಲಿಕಾಯಿ ತಿಂದು ನೀರು ಕುಡದ್ರ ನೀರು ಸಿಹಿ ಯಾಕ ಹತ್ತೈತ್ರಿ?” ಎಂದಳು.

ತರಬೇತಿ ಇನ್ನೂ ಆಗಿರಲಿಲ್ಲ. ತಿರುಗಿ ಕೇಳಬಹುದೆಂದು ನನಗೆ ತಿಳಿದಿರಲಿಲ್ಲ. “ಗೊತ್ತಿಲ್ರಿ” ಎಂದೆ. ಕೋಣೆಯಲ್ಲಿದ್ದವರೆಲ್ಲ ನನ್ನನ್ನು, ನನ್ನ ನೌಕರಿಯನ್ನು, ಸರಕಾರವನ್ನು ಒಟ್ಟಿಗೆ ನೋಡಿದರು. ಅವ್ವ ಸೆರಗು ಸರಿಮಾಡಿಕೊಂಡಳು. ಆ ಹುಡುಗಿ ಮಾತ್ರ ನಗಲಿಲ್ಲ. “ನನಗೂ ಗೊತ್ತಿಲ್ರಿ, ಅದಕ್ಕ ಕೇಳಿದೆ” ಎಂದಳು.

ಬಸ್ಸಿನಲ್ಲಿ ಬರುವಾಗ ಅವ್ವ, “ಈ ಸಂಬಂಧ ಆಗಂಗಿಲ್ಲ” ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಈ ಸಂಬಂಧ ಆಗಬೇಕು ಎಂದು ಮನಸ್ಸು ಪಟ್ಟು ಹಿಡಿದಿತ್ತು. ಅಷ್ಟು ಖಚಿತವಾಗಿ ಅದು ಯಾವುದಕ್ಕೂ ಪಟ್ಟು ಹಿಡಿದದ್ದಿಲ್ಲ. ಆಮೇಲೆ ಅವರಿಂದ ಸುದ್ದಿ ಬಂತು: ಹುಡುಗಿಯ ಸೋದರಮಾವ ಚೌಕಶಿಗೆ ಬರುತ್ತಾರೆ, ನೌಕರಿ ಇರುವ ಊರಿಗೇ ಬರುತ್ತಾರೆ, ದಿನ ಹೇಳಿ ಬರುವುದಿಲ್ಲ.

ಬೋರ್ಡ್ ಹಾಕಿ ಒಂದು ವಾರವಾಗಿರಬೇಕು. ಬಸ್ ನಿಲ್ಲುವಲ್ಲಿದ್ದ ಹೊಟೇಲಿಗೆ ಚಾ ಕುಡಿಯಲು ಹೋದೆ. ಹೊಟೇಲಿನವರು ಯಾವಾಗಲೂ ಕಪ್ಪಿನಲ್ಲಿ ಕೊಡುವವರು ಅವತ್ತು ದೊಡ್ಡ ಗ್ಲಾಸಿನಲ್ಲಿ ಕೊಟ್ಟು, ಪಕ್ಕದಲ್ಲಿ ಕೂತು, ಬಹಳ ಕಕ್ಕುಲತೆಯಿಂದ ಕೇಳಿದರು:

“ಸರ, ಎಷ್ಟ ದಿನದ್ದ ಆಗ್ತೈತ್ರಿ?”

“ಏನ್ರಿ?”

“ಸಸ್ಪೆಂಡ್.”

ಯಾರಿಗೆ ಎಂದು ಕೇಳಿದೆ. ಅವರು ನನ್ನ ಭುಜ ಮುಟ್ಟಿದರು. “ಮರಮಾಚೂದೇನೈತಿ ಬಿಡ್ರಿ. ವಿಚಾರಣಿ ನಡದೈತಿ ಅಂತ ನೀವ ಬೋರ್ಡ್ ಹಾಕೀರಿ. ಇಷ್ಟ ಪ್ರಾಮಾಣಿಕ ಮನಶ್ಯಾನ ನಾ ನೋಡಿದ್ದಿಲ್ಲ. ಮಂದಿ ಹೊಟ್ಟ್ಯಾಗ ಇಟಗೋತಾರ.”

ಗ್ಲಾಸು ಅಲ್ಲೇ ಬಿಟ್ಟು ಶಾಲೆಗೆ ಓಡಿ ಬೋರ್ಡಿಗೆ ಕೈ ಹಾಕಿದೆ. ಹೆಡ್ ಮಾಸ್ತರರು ತಡೆದರು.

“ತಗೀಬ್ಯಾಡ್ರಿ.”

“ಹೆಣ್ಣಿನವರು ಚೌಕಶಿಗೆ ಬರ್ತಾರ್ರಿ ಸರ. ಇವತ್ತರೆ ಬರಬಹುದು.”

“ಅದಕ್ಕ ಹೇಳಾಕತ್ತೀನಿ. ಈಗ ವಿಚಾರಣಿ ನಡದೈತಿ ಅಂತಾರ. ಬೋರ್ಡ್ ತಗದ್ರ ವಿಚಾರಣಿ ಮುಗೀತು ಅಂತಾರ. ಮುಗದಿದ್ದ ಆದ್ರ ತೀರ್ಪು ಏನಾತು ಅಂತ ಕೇಳ್ತಾರ. ಏನಂತ ಹೇಳ್ತೀರಿ?”

ಬೋರ್ಡ್ ಉಳಿಯಿತು. ಆ ರಾತ್ರಿಯಿಂದ ನನಗೆ ಹೊಸದೊಂದು ಅನುಮಾನ ಶುರುವಾಯಿತು: ಊರಿಗೆ ಊರೇ ಹೇಳುತ್ತಿದೆಯೆಂದರೆ, ನನ್ನ ಮೇಲೆ ನಿಜವಾಗಿಯೂ ಒಂದು ವಿಚಾರಣೆ ಇದ್ದು, ನನಗೆ ಮಾತ್ರ ತಿಳಿಸದೆ ಇದ್ದಿರಬಹುದೇ? ಯಾವ ಅಪರಾಧಕ್ಕೆ ಎಂದು ಹುಡುಕುತ್ತ ಮಲಗಿದೆ. ಮೂರ್ನಾಲ್ಕು ಸಿಕ್ಕವು.

ಮಾರನೆಯ ದಿನ ತರಗತಿಗೆ ಹೋದಾಗ ಗಿರಣಿಯ ಹುಡುಗಿ ಹಲಗೆಯ ಹತ್ತಿರ ನಿಂತಿದ್ದಳು.

“ಇವತ್ತಿನ ಪ್ರಶ್ನಾ ನಾವ ಆರಿಸೀವ್ರಿ ಸರ.”

ಹಲಗೆಯ ಮೇಲೆ ‘ನಮ್ಮ ಸರ್ರನ್ನ ಸಸ್ಪೇಂಡ ಮಾಡತಾರ ಏನು’ ಎಂದು ಬರೆದಿತ್ತು. ಮಕ್ಕಳು ಆರಿಸಿದ ಯಾವ ಪ್ರಶ್ನೆಯನ್ನೂ ಬೇಡವೆನ್ನಬಾರದು ಎಂದು ಚಿಕ್ಕೋಡಿಯಲ್ಲಿ ಹೇಳಿದ್ದರು. ನಾನು ‘ಸಸ್ಪೆಂಡ್’ ಎಂಬ ಶಬ್ದದ ಕಾಗುಣಿತ ತಿದ್ದಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೂತುಕೊಂಡೆ.

“ನಿಮಗೇನ ಅನಸ್ತೈತಿ?” ಎಂದು ಕೇಳಿದೆ. ಕೇಳಲೇಬೇಕಿತ್ತು.

ಒಬ್ಬನಿಗೆ ನಾನು ಸಣ್ಣವನಿದ್ದಾಗ ಪರೀಕ್ಷೆಯಲ್ಲಿ ಕಾಪಿ ಹೊಡೆದದ್ದು ಈಗ ಗೊತ್ತಾಗಿರಬೇಕು ಅನಿಸಿತ್ತು. ಒಬ್ಬಳಿಗೆ ಹೆಡ್ ಸರ್ರ ಡಬ್ಬಿಗೆ ಇರುವೆ ಹತ್ತಿಸಿದ್ದಕ್ಕೆ ಅನಿಸಿತ್ತು. ಗಿರಣಿಯ ಹುಡುಗಿಗೆ, “ಸರ್ರಿಗೆ ಯಾವ ಉತ್ತರಾನೂ ಬರಂಗಿಲ್ಲ, ಅದಕ್ಕ” ಅನಿಸಿತ್ತು. ಕೈ ಎತ್ತಿಸಿ ನೋಡಿದಾಗ ಹೆಚ್ಚು ಕೈ ಅವಳ ಊಹೆಗೆ ಎದ್ದವು.

ಆಮೇಲೆ ಅವರು ಊರೊಳಗೆ ಹೋದರು. ಇಬ್ಬಿಬ್ಬರಾಗಿ ಮನೆ ಮನೆಯ ಕಟ್ಟೆಗೆ ಹೋಗಿ, “ನಮ್ಮ ಸರ್ರ ಮ್ಯಾಲ ವಿಚಾರಣಿ ಐತಿ ಅಂತ ನಿಮಗ ಗೊತ್ತೈತೇನ್ರಿ?” ಎಂದು ಕೇಳಿದರು. ಗೊತ್ತಿದ್ದವರು ಹೌದೆಂದರು. ಗೊತ್ತಿಲ್ಲದವರಿಗೆ ಆಗ ಗೊತ್ತಾಯಿತು. ಹೌದೆಂದ ಪ್ರತಿಯೊಬ್ಬರಿಗೂ ಹುಡುಗರು ಎರಡನೆಯ ಪ್ರಶ್ನೆ ಹಾಕಿದರು: “ಅದು ನಿಮಗ ಹೆಂಗ ಗೊತ್ತಾತ್ರಿ?” ಇದು ಆ ಊರಿನ ಕಟ್ಟೆಗಳಲ್ಲಿ ಹಿಂದೆಂದೂ ಕೇಳಿಬಂದ ಪ್ರಶ್ನೆಯಲ್ಲ. ಕಿರಾಣಿ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು, “ಗೊತ್ತಾಗೂದಕ್ಕ ಹೆಂಗ ಅಂತ ಇರ್ತೈತೇನಲೇ? ಗೊತ್ತಾತು, ಅಷ್ಟ” ಎಂದು ಬೈದು ಕಳಿಸಿದರಂತೆ.

ಮಧ್ಯಾಹ್ನ ಮರಳಿ ಬಂದು ಒಪ್ಪಿಸಿದರು. ಹೇಳಿದವಳು ಗಿರಣಿಯ ಹುಡುಗಿ.

“ಹೊಟೇಲಿನವರಿಗೆ ಕಿರಾಣಿ ಅಂಗಡಿಯವರು ಹೇಳ್ಯಾರ್ರಿ. ಅವರಿಗೆ ನಮ್ಮ ಗಿರಣ್ಯಾಗ ಯಾರೋ ಹೇಳ್ಯಾರ. ಹೇಳಿದಾಕಿ ಒಬ್ಬಾಕಿ ಮುದುಕಿ. ಆಕಿ ಒಬ್ಬಾಕಿ ಮಾತ್ರ ನಾ ಕಣ್ಣೀಲೆ ನೋಡೀನಿ ಅಂದ್ಲು.”

“ಏನು ನೋಡ್ಯಾಳ?”

“ನಮ್ಮ ಬೋರ್ಡ್ರಿ.”

“ಆಕಿಗೆ ಓದಾಕ ಬರ್ತೈತೇನು?”

“ಬರಂಗಿಲ್ರಿ. ಮೊಮ್ಮಗ ಓದಿ ಹೇಳ್ಯಾನ.”

“ಮೊಮ್ಮಗ ಯಾರು?”

ಇಡೀ ತರಗತಿ ಮೂರನೆಯ ಸಾಲಿನವನ ಕಡೆ ತಿರುಗಿತು. ಅವನು ಎದ್ದು ನಿಂತು ಕೈ ಕಟ್ಟಿ, “ಬೋರ್ಡ್ ಓದಿ ಮನ್ಯಾಗ ಹೇಳ್ರಿ ಅಂತ ನೀವ ಅಂದಿದ್ರಿ ಸರ” ಎಂದ.

ಅಭ್ಯಾಸ ಮಾಡಿಕೊಂಡು ಬಂದವನು ಅವನೊಬ್ಬನೇ ಎಂದು ತಿಳಿದು ಬೇಸರವಾಯಿತು.

“ಹಂಗಾದ್ರ ಉತ್ತರ ಏನು?” ಎಂದೆ.

“ಸಸ್ಪೆಂಡ್ ಕಾಗದ ಯಾರೂ ನೋಡಿಲ್ರಿ,” ಎಂದಳು ಗಿರಣಿಯ ಹುಡುಗಿ. “ಆದ್ರ ಮಾಡಂಗಿಲ್ಲ ಅಂತೂ ಗೊತ್ತಾಗಿಲ್ರಿ. ಇನ್ನೂ ಬ್ಯಾರೇ ಮಂದೀನ ಕೇಳಬೇಕು.”

ಬೇರೆ ಮಂದಿ ತಾವಾಗಿಯೇ ಬಂದರು. ಎರಡು ದಿನ ಕಳೆದು, ಮಧ್ಯಾಹ್ನದ ಬಿಡುವಾದ ಮೇಲೆ, ಬಿಳಿ ಟೋಪಿ, ಧೋತರ, ಕೈಯಲ್ಲಿ ಕೊಡೆ ಹಿಡಿದ ಹಿರಿಯರೊಬ್ಬರು ನಮ್ಮ ಬಾಗಿಲ ಮುಂದೆ ನಿಂತು, ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಓದಿ ತಲೆ ಆಡಿಸಿದರು. ಚಪ್ಪಲಿ ಬಿಟ್ಟು ಒಳಗೆ ಬಂದರು.

ನಾನು ಹಿಂದಿನ ಗೋಡೆಗೆ ನಿಂತಿದ್ದೆ. ಮಕ್ಕಳು ಕಲಿಯುವಾಗ ಮಾಸ್ತರ ಮುಂದೆ ನಿಲ್ಲಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಬಂದವರನ್ನು ನೋಡಿದ ಕೂಡಲೇ ನನಗೆ ಅವರು ಯಾರೆಂದು ತಿಳಿದುಹೋಯಿತು. ವಿಚಾರಣೆಯ ಅಧಿಕಾರಿ. ಕೊನೆಗೂ ಬಂದರು ಎಂದು ಒಂದು ತರಹದ ನೆಮ್ಮದಿಯೂ ಆಯಿತು. ಕೈ ಕಟ್ಟಿಕೊಂಡು ನಿಂತೆ.

ಅವರು ನನ್ನನ್ನು ಶಾಲೆಯ ಸಿಪಾಯಿ ಎಂದು ತಿಳಿದಿರಬೇಕು, ನೇರವಾಗಿ ಹುಡುಗರಿಗೇ ಕೈ ಮುಗಿದರು.

“ನಮಸ್ಕಾರ. ಇಲ್ಲಿ ಕೇಳಬೇಕು ಅಂತ ಬಾಹೇರ ಬರದೈತಿ, ಅದಕ್ಕ ಒಳಗ ಬಂದೆ. ನಿಮ್ಮ ಗುರುಜಿ ಮನಶ್ಯಾ ಹೆಂಗ ಅದಾರ?”

ಗಿರಣಿಯ ಹುಡುಗಿ ಎದ್ದಳು. “ಯಾವುದರಾಗ ಹೆಂಗ್ರಿ?”

ಹಿರಿಯರು ಸ್ವಲ್ಪ ಯೋಚಿಸಿದರು. “ಸ್ವಭಾವದಾಗ.”

“ನಿಮಗೇನ ಅನಸ್ತೈತ್ರಿ?”

“ನಾ ಇನ್ನೂ ನೋಡೇ ಇಲ್ಲ ಅವರನ್ನ.”

“ನೋಡದ ಹೆಂಗ ಗೊತ್ತಾಗ್ತೈತ್ರಿ?” ಎಂದ ಮೂರನೆಯ ಸಾಲಿನವನು. “ಅಲ್ಲೇ ನಿಂತಾರಲ್ರಿ, ನೋಡ್ರಿ.”

ಹಿರಿಯರು ತಿರುಗಿ ನನ್ನನ್ನು ನೋಡಿದರು. ಅಂಗಿಯ ಒಳಜೇಬಿನಿಂದ ಒಂದು ಫೋಟೋ ತೆಗೆದು ಅದನ್ನೂ ನನ್ನನ್ನೂ ಎರಡು ಸಲ ನೋಡಿದರು. ಅದು ರಾಯಬಾಗದ ಸ್ಟುಡಿಯೋದಲ್ಲಿ ತೆಗೆಸಿದ್ದ ನನ್ನ ಫೋಟೋ. ಸ್ಟುಡಿಯೋದವನು ಒತ್ತಾಯ ಮಾಡಿ ಕೆನ್ನೆಗೆ ಬಣ್ಣ ಹಾಕಿದ್ದ. ಅಧಿಕಾರಿಗಳು ಇಂಥ ಫೋಟೋ ಇಟ್ಟುಕೊಂಡು ತಿರುಗುವುದಿಲ್ಲ ಎಂದು ಆಗ ಹೊಳೆಯಿತು.

“ಫೋಟೋದಾಗ ಬ್ಯಾರೇ ಕಾಣ್ತೀರಿ,” ಎಂದರು ಹುಡುಗಿಯ ಸೋದರಮಾವ.

“ಹೌದ್ರಿ,” ಎಂದೆ.

ಅವರು ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯೊಂದರಲ್ಲಿ ಕೆಲಸಕ್ಕಿದ್ದರು. ಓದಿದ್ದು ಮರಾಠಿ ಶಾಲೆ. ಕನ್ನಡ ಓದುವುದನ್ನು ಬಸ್ಸಿನ ಬೋರ್ಡುಗಳಿಂದ ತಾವೇ ಕಲಿತವರು. ಮರಾಠಿಯಲ್ಲಿ ‘ವಿಚಾರಣೆ’ ಎಂದರೆ ಕೇಳುವುದು, ಅಷ್ಟೇ. ಬಸ್ ಸ್ಟ್ಯಾಂಡಿನ ಕಿಟಕಿಯ ಮೇಲೂ ಅದೇ ಶಬ್ದ ಬರೆದಿರುವುದನ್ನು ಅವರು ನೋಡಿದ್ದರು. ಆದ್ದರಿಂದ ನನ್ನ ಬೋರ್ಡು ಅವರಿಗೆ ಬಹಳ ಸೌಜನ್ಯದ್ದಾಗಿ ಕಂಡಿತ್ತು. ಚೌಕಶಿಗೆ ಬಂದವರು ಊರೆಲ್ಲ ಅಲೆಯಬಾರದೆಂದು ಒಂದು ಜಾಗ ಮಾಡಿಟ್ಟಿದ್ದಾರೆ ಎಂದು ತಿಳಿದಿದ್ದರು.

“ಹೊಟೇಲಿನಾಗ ಒಬ್ರು ಅಂದ್ರು, ಮಾಸ್ತರದ ವಿಚಾರಣಾ ನಡದೈತಿ ಅಂತ,” ಎಂದರು ನಗುತ್ತ. “ನಾ ಅಂದೆ, ಚಲೋ ಆತಲ್ಲ, ನಾನೂ ಅದಕ್ಕ ಬಂದೀನಿ.”

ಇಡೀ ತಾಲೂಕಿನಲ್ಲಿ ಆ ಬೋರ್ಡನ್ನು ಸರಿಯಾಗಿ ಓದಿದವರು, ಕನ್ನಡ ಸರಿಯಾಗಿ ಬಾರದ ಅವರೊಬ್ಬರೇ. ನಾನು ಅಲ್ಲಿಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಯಾರೂ ಹೊರಿಸದ ಅಪವಾದಕ್ಕೆ ಮೊದಲೇ ಸಮಜಾಯಿಷಿ ಕೊಡುವುದು ನನ್ನ ಸ್ವಭಾವ. “ಹಂಗಲ್ರಿ ಮಾಮಾ,” ಎಂದು ಶುರುಮಾಡಿ, ಕನ್ನಡದಲ್ಲಿ ವಿಚಾರಣೆಗೆ ಬೇರೆ ಅರ್ಥವಿದೆ, ಹೊಟೇಲಿನವರು ಹೇಳಿದ್ದು ಆ ಅರ್ಥದಲ್ಲಿ, ವಿಚಾರಣೆಯ ನಂತರ ನೌಕರಿ ಹೋಗುವುದೂ ಉಂಟು, ಆದರೆ ನನ್ನದು ಹೋಗುವುದಿಲ್ಲ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತ ಹೋದಂತೆ ಅವರ ಮುಖದ ನಗು ಕಡಿಮೆಯಾಗುತ್ತ ಬಂತು.

“ಮಂಜೆ, ಅಂದ್ರ, ನೌಕರಿ ಹೋಗೂದೈತೇನು?”

“ಇಲ್ರಿ.”

“ನಿಮಗ ಹೆಂಗ ಗೊತ್ತು?”

ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ದಿನವೂ ಅವರಿಗೆ ನಾನು ಹಾಕುವ ಪ್ರಶ್ನೆ ಅದು. ನಿಪ್ಪಾಣಿ ಕಡೆಯ ಆ ಮನೆ, ಅವಲಕ್ಕಿಯ ತಾಟು, ತಲೆ ಎತ್ತಿದ ಆ ಹುಡುಗಿ, ಎಲ್ಲವೂ ಕಣ್ಣ ಮುಂದೆ ಬಂದು, ದೂರ ದೂರ ಹೋಗತೊಡಗಿದವು.

“ಗೊತ್ತಿಲ್ರಿ,” ಎಂದೆ.

“ನಾವ ಕೇಳಿ ಬಂದೀವ್ರಿ,” ಎಂದಳು ಗಿರಣಿಯ ಹುಡುಗಿ. ಯಾರೂ ಅವಳನ್ನು ಕೇಳಿರಲಿಲ್ಲ. ಹೊಟೇಲಿನವರಿಂದ ಹಿಡಿದು ಮುದುಕಿಯವರೆಗೆ, ಮುದುಕಿಯಿಂದ ಮೊಮ್ಮಗನವರೆಗೆ, ಮೊಮ್ಮಗನಿಂದ ಬೋರ್ಡಿನವರೆಗೆ ಒಂದೂ ಬಿಡದೆ ಹೇಳಿದಳು. ಮೂರನೆಯ ಸಾಲಿನವನು ತನ್ನ ಪಾಲು ಬಂದಾಗ ಎದ್ದು ನಿಂತು ಕೈ ಕಟ್ಟಿದ. “ಕಾಗದ ಯಾರೂ ನೋಡಿಲ್ರಿ. ಹೆಡ್ ಸರ್ರನ್ನೂ ಕೇಳೀವ್ರಿ. ಇವನ್ನ ಸಸ್ಪೆಂಡ್ ಮಾಡಾಕ ಇವ ಏನರೆ ಮಾಡಿರಬೇಕಲ್ಲ, ಏನೂ ಮಾಡಿಲ್ಲ ಅಂದ್ರು,” ಎಂದು ಮುಗಿಸಿದಳು.

ಸೋದರಮಾವ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

“ಮತ್ತ, ನಿಮ್ಮ ಗುರುಜಿಗೆ ಏನು ಬರ್ತೈತಿ?”

“ಏನೂ ಬರಂಗಿಲ್ರಿ,” ಎಂದಳು, ದೂರಿನ ದನಿಯಲ್ಲಲ್ಲ. “ಕಬ್ಬಿನ ಬುಡ ಯಾಕ ಸಿಹಿ ಅಂದ್ರ, ಗೊತ್ತಿಲ್ಲ ನೋಡೂಣು ಅಂತಾರ. ಎಲ್ಲಾ ನಮ್ಮನ್ನ ಕೇಳ್ತಾರ.”

ಹೊರಗೆ ಬಂದ ಮೇಲೆ ಅವರು ಬಹಳ ಹೊತ್ತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಹೆಡ್ ಮಾಸ್ತರರು ಹೊತ್ತು ಮುಳುಗುವ ಮುಂಚೆ ಉಂಡು ಹೋಗಬೇಕೆಂದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವರು ಒಪ್ಪಲಿಲ್ಲ. ನಾನು ಬಸ್ಸಿನವರೆಗೆ ಜೊತೆಗೆ ನಡೆದೆ. ಊಟ ಒಲ್ಲೆ ಎಂದವರು ಸಂಬಂಧವನ್ನೂ ಒಲ್ಲೆ ಎನ್ನುತ್ತಾರೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ.

“ನೆಲ್ಲಿಕಾಯಿದು,” ಎಂದರು ಅವರು, ದಾರಿಯಲ್ಲಿ ಒಮ್ಮೆಲೇ. “ನಿಮಗಿಂತ ಮೊದಲ ಬಂದ ಇಬ್ರು ವರಗೋಳಿಗೂ ಆಕಿ ಅದನ್ನ ಕೇಳಿದ್ಲು. ಇಬ್ರೂ ಉತ್ತರಾ ಹೇಳಿದ್ರು.”

“ಏನಂತ ಹೇಳಿದ್ರಿ ಅವರು?” ಎಂದೆ.

“ಒಬ್ಬಾಂವ ಒಂದು ಹೇಳಿದ, ಇನ್ನೊಬ್ಬಾಂವ ಬ್ಯಾರೇನ ಹೇಳಿದ. ಇಬ್ರಿಗೂ ಖಾತ್ರಿ ಇತ್ತು.” ಕೊಡೆಯನ್ನು ಕಂಕುಳಿಗೆ ಸೇರಿಸಿದರು. “ನಮ್ಮ ಮನ್ಯಾಗ ಎಲ್ಲಾರಿಗೂ ಎಲ್ಲಾ ಗೊತ್ತೈತಿ ನೋಡ್ರಿ. ಆಕಿ ಏನು ಕೇಳಿದ್ರೂ ಬಾಯಿ ಮುಚಗೊಂಡು ಕುಂದ್ರು ಅಂತೀವಿ. ಸಣ್ಣಾಕಿ ಇದ್ದಾಗಿಂದ ಅಂತೀವಿ. ಆಕಿ ಕುಂದ್ರವಲ್ಲಳು.”

ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಪಕ್ಕ ಕೂತು, ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡರು. ಏನಾದರೂ ಹೇಳುತ್ತಾರೆಂದು ಕಾದೆ. ಬಸ್ಸು ಹೊರಟ ಮೇಲೆ, “ಕಬ್ಬಿಂದು ಗೊತ್ತಾದ್ರ ನನಗೂ ತಿಳಸ್ರಿ,” ಎಂದರು.

ಇದರ ಅರ್ಥ ಹೌದೋ ಅಲ್ಲವೋ ಎಂದು ಮುಂದಿನ ವಾರವೆಲ್ಲ ಚಿಂತಿಸಿದೆ. ಹೌದು ಎಂದು ಅವ್ವನಿಂದ ಸುದ್ದಿ ಬಂದಾಗ, ಸುದ್ದಿ ತಂದವರು ಬೇರೆ ಯಾರದೋ ವಿಷಯ ಹೇಳುತ್ತಿರಬಹುದು ಎಂದು ಇನ್ನೊಮ್ಮೆ ಕೇಳಿಸಿಕೊಂಡೆ.

ಮದುವೆಯಾಗಿ, ಕಾಯಂ ಆಗಿ, ಉಗಾರ ಬುದ್ರುಕಿನ ಕಡೆಗೆ ವರ್ಗವೂ ಆಯಿತು. ಬೋರ್ಡನ್ನು ಅಲ್ಲೇ ಬಿಟ್ಟು ಬಂದೆ. ಕೆಲವು ವರ್ಷಗಳ ಮೇಲೆ ಯಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವಾಗ ನಾನೂ ಹೆಂಡತಿಯೂ ಅದೇ ಹೊಟೇಲಿನಲ್ಲಿ ಚಾಕ್ಕೆ ಕೂತೆವು. ಬೆಳಗ್ಗೆ ಬಸ್ಸು ಹತ್ತಿದಾಗಿನಿಂದ ಅವಳು, ಓಡುವ ಬಸ್ಸಿನೊಳಗಿನ ನೊಣ ಬಸ್ಸಿನಷ್ಟೇ ವೇಗವಾಗಿ ಹಾರುತ್ತದೆಯೋ ಹೇಗೆ ಎಂದು ಕೇಳುತ್ತಿದ್ದಳು. ನಾನು ನಿನಗೇನ ಅನಸ್ತೈತಿ ಎನ್ನುತ್ತಿದ್ದೆ. ಈ ಮಾತು ಶಾಲೆಯಲ್ಲಿ ನಡೆದಷ್ಟು ಚೆನ್ನಾಗಿ ಮನೆಯಲ್ಲಿ ನಡೆಯುವುದಿಲ್ಲ. ಅವಳು, “ನಂದು ಹೇಳೀನಿ, ಈಗ ನಿಮ್ಮದು ಹೇಳ್ರಿ” ಎನ್ನುತ್ತಾಳೆ.

ಹೊಟೇಲಿನವರು ಗುರುತು ಹಿಡಿದರು. ಅದೇ ದೊಡ್ಡ ಗ್ಲಾಸು ತಂದಿಟ್ಟು, ನನ್ನ ಕಡೆ ಬಾಗಿ, ಹೆಂಡತಿಗೆ ಕೇಳಿಸಬಾರದೆಂಬ ದನಿಯಲ್ಲಿ ಕೇಳಿದರು: “ಸರ, ಆ ವಿಚಾರಣಿ ಏನಾತ್ರಿ ಕಡೀಕ?”

ನಾನು ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಲು ಗ್ಲಾಸು ಕೆಳಗಿಟ್ಟೆ. ಅಷ್ಟರಲ್ಲಿ ಹೆಂಡತಿ, “ಇನ್ನೂ ನಡದೈತ್ರಿ ಅಣ್ಣಾರ,” ಎಂದಳು.

ಹೊಟೇಲಿನವರು ಅವಳನ್ನು ಮರುಕದಿಂದ ನೋಡಿದರು.

“ಸರಕಾರದ ಕೆಲಸ, ತಂಗೆವ್ವಾ,” ಎಂದರು. “ಲಗೂ ಮುಗಿಯಂಗಿಲ್ಲ.”